ಎರಡು ಬುಧವಾರಗಳು

ಮಾರ್ಚ್ 3, ಸೋಮವಾರ

ಏಳೂವರೆ ಬಸ್ಸಿಗೆ ಗಿಣಿ ಒಬ್ಬಳೇ ಹತ್ತಿದಳು. ನಾನು ಹಿಂದಿನ ಸೀಟಿನಲ್ಲಿ, ಗುರುತಿಲ್ಲದವಳ ಹಾಗೆ. ಸರಿಯಾದ ಸ್ಟಾಪಿನಲ್ಲಿ ಇಳಿದಳು, ರಸ್ತೆ ದಾಟಿದಳು, ಲಾಂಡ್ರಿಯ ಹಿಂಬಾಗಿಲಿನ ಬೆಲ್ ಒತ್ತಿದಳು. ಇಪ್ಪತ್ಮೂರು ವರ್ಷ. ಬುದ್ಧಿ ಬೆಳವಣಿಗೆ ನಿಧಾನ ಎಂದು ನಮ್ಮ ತರಬೇತಿ ಕೇಂದ್ರದ ಫೈಲಿನಲ್ಲಿದೆ. ಕೇಳಿದ ಮಾತಿನ ಕೊನೆಯ ಪದವನ್ನು ತಿರುಗಿ ಹೇಳುವ ಅಭ್ಯಾಸ — ಅದಕ್ಕೇ ಈ ಹೆಸರು, ಅವಳ ಅಮ್ಮ ಇಟ್ಟದ್ದು.

ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಿಸುವ ಕೆಲಸ. "ನಮ್ಮೋರು ಹತ್ತು ಮಡಿಸೋ ಹೊತ್ತಿಗೆ ಇವಳು ಏಳು. ಆದ್ರೆ ಒಂದೂ ತಿರುಗಿ ಬರಲ್ಲ," ಎಂದ ಮೇಸ್ತ್ರಿ. ನನ್ನ ಮುಖ ಊರಗಲ.

ಮಾರ್ಚ್ 14, ಶುಕ್ರವಾರ

ಕೇಂದ್ರದ ಮುಖ್ಯಸ್ಥರು ಕರೆದರು. ಹನ್ನೊಂದು ಮಂದಿ ಕೆಲಸಕ್ಕೆ ಸೇರಿದ್ದಾರೆ, ಜೊತೆಗೆ ಹೋಗಿ ಕಲಿಸುವವಳು ನಾನೊಬ್ಬಳೇ. "ಗಿಣಿ ಪಳಗಿದಾಳೆ. ವಾರಕ್ಕೊಂದ್ಸಲ ಹೋಗಿ ಬನ್ನಿ, ಸಾಕು." ಬುಧವಾರ ಎಂದು ನಿಗದಿಯಾಯಿತು. ಗಿಣಿಗೆ ಹೇಳಿದೆ: ಮೇಸ್ತ್ರಿ ಹೇಳಿದ್ದಕ್ಕೆ ಇಲ್ಲ ಅನ್ನಬಾರದು. ಏನಿದ್ದರೂ ಬುಧವಾರ ನನ್ನನ್ನು ಕೇಳು.

"ಕೇಳು," ಎಂದಳು.

ಮಾರ್ಚ್ 19, ಬುಧವಾರ

ಹೋಗಲಿಲ್ಲ. ಜ್ವರ ಏನಿಲ್ಲ... ಬರೀ ಸುಸ್ತು. ಪರದೆ ಎಳೆದು ಮಲಗಿದೆ. ನಾಳೆ ರಿಜಿಸ್ಟರಿನಲ್ಲಿ 'ಭೇಟಿ ಆಯಿತು, ತೊಂದರೆ ಇಲ್ಲ' ಎಂದು ಬರೆದರಾಯಿತು. ಗಿಣಿಗೆ ನಿಜಕ್ಕೂ ಏನು ತೊಂದರೆ?

ಮಾರ್ಚ್ 26, ಬುಧವಾರ

ಹೊರಡುವ ಹೊತ್ತಿಗೆ ತಂಗಿ ಬಂದಳು. ಮಾತಿಗೆ ಕೂತೆವು. ರಿಜಿಸ್ಟರಿಗೆ ಅದೇ ಸಾಲು.

ಮಾರ್ಚ್ 28, ಶುಕ್ರವಾರ

ಹನ್ನೊಂದಕ್ಕೆ ಫೋನು. ಇಸ್ತ್ರಿ ಯಂತ್ರದ ಬಿಸಿ ರೋಲರುಗಳ ನಡುವೆ ಗಿಣಿಯ ಬಲಗೈ...

ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದಿವೆ.

ಆ ಯಂತ್ರವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮಾರ್ಚ್ 30, ಭಾನುವಾರ

ಆಸ್ಪತ್ರೆ. ಅವಳ ಅಮ್ಮ ಔಷಧಿ ತರಲು ಕೆಳಗೆ ಹೋಗಿದ್ದಾಗ ಗಿಣಿಯನ್ನು ಕೇಳಿದೆ, ಯಂತ್ರದ ಹತ್ತಿರ ಯಾಕೆ ಹೋದೆ ಎಂದು.

"ಮೇಸ್ತ್ರಿ ಹೇಳಿದ್ರು. ಅಲ್ಲಿ ಮಾಡೋರು ರಜ. ಹತ್ತು ದಿನದಿಂದ ನಾನೇ."

"ಭಯ ಆಗ್ಲಿಲ್ವಾ?"

"ಆಯ್ತು. ಇಲ್ಲ ಅನ್ನಬಾರ್ದಲ್ಲ. ಬುಧವಾರ ಅಕ್ಕನ್ನ ಕೇಳೋಣ ಅಂದ್ಕೊಂಡೆ. ಅಕ್ಕ ಬರ್ಲಿಲ್ಲ. ಇನ್ನೊಂದು ಬುಧವಾರ ಕಾದೆ."

ದೂರಲಿಲ್ಲ. ಬಸ್ಸು ಬರಲಿಲ್ಲ ಎನ್ನುವ ಹಾಗೆ ಹೇಳಿದಳು.

ಅಮ್ಮ ಬಂದು ನನ್ನ ಕೈ ಹಿಡಿದುಕೊಂಡರು. ಟೈಲರ್ ಕೆಲಸ ಮಾಡಿ ಒಬ್ಬರೇ ಮಗಳನ್ನು ಸಾಕಿದವರು. "ನೀವು ವಾರವಾರ ಹೋಗಿ ನೋಡ್ತಿದ್ರಿ, ಪಾಪ. ನಿಮ್ಮ ಕಣ್ಣೂ ತಪ್ಪಿಸಿ ಹೀಗೆ ಮಾಡಿದಾರೆ."

ಅವರ ಔಷಧಿ ಚೀಲ ತೆಗೆದುಕೊಂಡು ಮಂಚದ ಪಕ್ಕದಲ್ಲಿಟ್ಟೆ.

ಏಪ್ರಿಲ್ 1, ಮಂಗಳವಾರ

"ಅಪಘಾತದ ವರದೀಲಿ ಗಿಣಿ ಸೂಚನೆ ಮೀರಿದಳು ಅಂತ ಬರೀರಿ," ಎಂದರು ಮುಖ್ಯಸ್ಥರು. "ಲಾಂಡ್ರಿಯವರು ಮುನಿಸ್ಕೊಂಡ್ರೆ ಅಲ್ಲಿರೋ ನಮ್ಮ ಇನ್ನೂ ನಾಲ್ವರ ಕೆಲಸ ಹೋಗುತ್ತೆ."

"ಸೂಚನೆ ಪಾಲಿಸಿದ್ದಕ್ಕೇ ಕೈ ಹೋಗಿದೆ, ಸರ್."

ಕಲಿಸದ ಯಂತ್ರಕ್ಕೆ ಮೇಸ್ತ್ರಿ ಹಾಕಿದ ಎಂದೇ ಬರೆದುಕೊಟ್ಟೆ. ಆಫೀಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ನಾನು ಹೋಗದ ಸಂಗತಿ ಆ ಹಾಳೆಯಲ್ಲಿಲ್ಲ.

ಏಪ್ರಿಲ್ 9, ಬುಧವಾರ

ಪರಿಹಾರದ ಮಾತುಕತೆಯಲ್ಲಿ ಲಾಂಡ್ರಿಯವರು, ತಿಂಗಳಿಗೊಮ್ಮೆ ಅವರಿಗೆ ಹೋಗುವ ನಮ್ಮ ರಿಜಿಸ್ಟರಿನ ಪ್ರತಿಯನ್ನೇ ಮುಂದಿಟ್ಟರು. ಹತ್ತೊಂಬತ್ತು, ಇಪ್ಪತ್ತಾರು — 'ಭೇಟಿ ಆಯಿತು, ತೊಂದರೆ ಇಲ್ಲ.' ಆಗ ಅವಳು ಯಂತ್ರದ ಕೆಲಸದಲ್ಲೇ ಇದ್ದಳು, ನಿಮ್ಮವರೇ ನೋಡಿ ಒಪ್ಪಿದ್ದಾರೆ, ಎಂದರು. ಪರಿಹಾರ ಕೊಡುವುದಿಲ್ಲವಂತೆ.

ನನ್ನ ಸುಳ್ಳೇ ಅವರಿಗೆ ಗುರಾಣಿ.

ಏಪ್ರಿಲ್ 10, ಗುರುವಾರ

ಬರೆದುಕೊಟ್ಟೆ. ಆ ಎರಡು ದಿನವೂ ಹೋಗಿರಲಿಲ್ಲ, ರಿಜಿಸ್ಟರಿನಲ್ಲಿರುವುದು ಸುಳ್ಳು. ಮುಖ್ಯಸ್ಥರು ಓದಿ ಕನ್ನಡಕ ತೆಗೆದಿಟ್ಟರು. "ಕಪಾಟಿನ ಬೀಗದ ಕೈ ಕೊಟ್ಟು ಹೋಗಿ."

ಉಳಿದ ನಾಲ್ವರನ್ನೂ ಲಾಂಡ್ರಿ ಇವತ್ತೇ ಮನೆಗೆ ಕಳಿಸಿತು. ಅವರಲ್ಲೊಬ್ಬಳು ಗೇಟಿನ ಹತ್ತಿರ ಸಿಕ್ಕಳು. ನಾಳೆ ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದಳು.

ಮೇ 11, ಭಾನುವಾರ

ಗಿಣಿಯ ಮನೆಗೆ ಹೋಗಿದ್ದೆ. ಇದಕ್ಕೆ ಮುಂಚೆ ಮೂರು ಸಲ ಆ ಬೀದಿಯ ತನಕ ಹೋಗಿ ಮರಳಿದ್ದೆ.

ಗಿಣಿ ನೆಲದ ಮೇಲೆ ಕೂತು ಎಡಗೈಯಲ್ಲಿ ದಾರದ ಉಂಡೆಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದಳು. ಲಾಂಡ್ರಿ ಪರಿಹಾರಕ್ಕೆ ಒಪ್ಪಿತೆಂದು ಅಮ್ಮನಿಗೆ ಗೊತ್ತು. ಯಾಕೆ ಒಪ್ಪಿತೆಂದು ಯಾರೂ ಹೇಳಿಲ್ಲ. "ಎಲ್ಲ ನಿಮ್ಮಿಂದಾನೇ ಆಗಿದ್ದು. ಕೂತ್ಕೊಳ್ಳಿ," ಎಂದು ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಮತ್ತೆ ಹೊಲಿಯತೊಡಗಿದರು.

ಕೂರಲಿಲ್ಲ. ನಿಂತೇ ಹೇಳಿದೆ, ಮೊದಲಿನಿಂದ, ಪರದೆ ಎಳೆದು ಮಲಗಿದ್ದನ್ನೂ ಬಿಡದೆ. ಹೊಲಿಗೆ ಯಂತ್ರ ನಿಂತಿತು. ಅಮ್ಮ ಮಗಳ ಕಡೆ ತಿರುಗಿದರು.

"ಇವರು ಬಂದಿರ್ಲಿಲ್ಲ ಅಂತ ನಿಂಗೆ ಗೊತ್ತಿತ್ತೇನೆ?"

"ಗೊತ್ತಿತ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅಮ್ಮ ಎದ್ದು ಹೋಗಿ ಬಾಗಿಲು ತೆರೆದು ಹಿಡಿದರು. ಬೈದಿದ್ದರೆ... ಬೈಯಲಿಲ್ಲ. ಹೊರಟೆ.

ಹಿಂದೆಯೇ ಹೆಜ್ಜೆ ಸಪ್ಪಳ. ಗಿಣಿ ಮೆಟ್ಟಿಲಿನ ತನಕ ಬಂದಿದ್ದಳು. "ಅಕ್ಕಾ, ಇನ್ನು ಯಾವಾಗ ಬರ್ತೀರಾ?" ಎಂದಳು. ಒಳಗಿನಿಂದ ಅಮ್ಮ ಅವಳನ್ನು ಕರೆಯುತ್ತಿದ್ದರು. ನಾನು ಅವಳಿಗೆ ಬುಧವಾರ ಎನ್ನಲಿಲ್ಲ, "ಅಮ್ಮ ಕರೀತಿದಾರೆ, ಒಳಗೆ ಹೋಗು" ಎಂದೆ.