ಝುಣಕದ ಉಪ್ಪು ಸರಿಯಾಗಿತ್ತೇ, ಅಧ್ಯಕ್ಷರೇ?

ಗೋಕಾಕ, ಜೂನ್ ೧೯೩೮

ಅಂಗಹೀನರ ಬೇಸಿಗೆ ಶಿಬಿರ ಸಮಿತಿಯ ಮಾನ್ಯ ಅಧ್ಯಕ್ಷರೇ,

ದಡ್ಡಿ ಎಂಬ ಊರಿನ ಹೊಳೆದಂಡೆಯ ಮೇಲೆ ನಡೆದಿದ್ದ ಶಿಬಿರವನ್ನು ತಾವು ಅವಧಿಗೆ ಮುಂಚೆಯೇ ಮುಚ್ಚಿಸಿದಿರಿ. ಬರುವ ಬೇಸಿಗೆಗೂ ಅದು ನಡೆಯದೆಂದು ಸಾರಿದಿರಿ. ಕಾರಣ, ಅಲ್ಲಿದ್ದವರಿಗೆ ದೊಡ್ಡವರ ಮರ್ಯಾದೆ ತಿಳಿಯುವುದಿಲ್ಲವಂತೆ. ಆ ಸಂಜೆ ತಮ್ಮೆದುರು ಕೈಮುಗಿದು ಕ್ಷಮೆ ಬೇಡಿದವನು ನಾನು. ಆ ಕ್ಷಮೆಯನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಕೇಳಿದ ಕ್ಷಮೆಯನ್ನು ಹಿಂದಕ್ಕೆ ಪಡೆಯಲು ಕಾಯದೆಯಲ್ಲಿ ಅವಕಾಶವಿದೆಯೋ ಇಲ್ಲವೋ ನಾನರಿಯೆ. ನಾಲ್ಕು ಜನರೆದುರು ಕೇಳಿದ್ದನ್ನು ನಾಲ್ಕು ಜನರೆದುರೇ ಮರಳಿ ಪಡೆಯಬೇಕೆಂಬಷ್ಟು ಮಾತ್ರ ಬಲ್ಲೆ. ಆದಕಾರಣ ಇದು ಲಕೋಟೆಯೊಳಗೆ ಅಡಗಿ ತಮ್ಮ ಮನೆಗೆ ಬಾರದೆ ವಾರಪತ್ರಿಕೆಯಲ್ಲಿ ಅಚ್ಚಾಗಿ ಬರುತ್ತಿದೆ.

ನಾನು ಯಾರೆಂದು ತಮಗೆ ನೆನಪಿರಬೇಕು. ಗೋಕಾಕದ ಕೋರ್ಟಿನ ಎದುರಿನ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಅಲ್ಲಪ್ಪನವರ ಮಗ. ಈ ಬೇಸಿಗೆಯ ಸೂಟಿ ಬೀಳುತ್ತಲೇ ನಮ್ಮಪ್ಪನ ಮೇಜಿಗೇ 'ಇಲ್ಲಿ ತಾಜಾ ಸಾಕ್ಷಿದಾರರು ಬಾಡಿಗೆಗೆ ದೊರೆಯುತ್ತಾರೆ' ಎಂಬ ಹಲಗೆ ತೂಗುಹಾಕಿದವನು. ಹಲಗೆ ನೋಡಿ ಇಬ್ಬರು ಗಿರಾಕಿಗಳು ದರ ಕೇಳಿದ್ದು ಬೇರೆ ಮಾತು. ಅಪ್ಪ ನನ್ನ ಕಿವಿ ಹಿಡಿದುಕೊಂಡು ತಮ್ಮಲ್ಲಿಗೆ ಬಂದರು. "ಸೂಟಿ ಮುಗಿಯೂಮಟಾ ಇಂವನ್ನ ಎಲ್ಲ್ಯಾರ ಸಾಗಹಾಕ್ರಿ ಸಾಹೇಬ್ರ, ನನ್ನ ಹೊಟ್ಟಿ ಮ್ಯಾಲೆ ಹೊಡೀತಾನ್ರಿ ಇಂವಾ" ಎಂದರು. ತಾವು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಕ್ಯಾಂಪಿಗೆ ಕಳಸ್ರಿ. ಕುಂಟ್ರು ಕುರುಡ್ರನ್ನ ನೋಡಿದ್ರ ಬುದ್ಧಿ ಬರತೈತಿ" ಎಂದು ತೀರ್ಪು ಕೊಟ್ಟಿರಿ. ತಮ್ಮ ಮಾತು ಖರೆಯಾಯಿತು. ಬುದ್ಧಿ ಬಂದಿದೆ. ತಾವು ಎಣಿಸಿದ ದಿಕ್ಕಿನಿಂದ ಬರಲಿಲ್ಲ, ಅಷ್ಟೇ.

ತಾವು ಹಲಗೆಯ ಮೇಲೆ ಚೆಂದಾಗಿ ಶಿಬಿರವೆಂದು ಬರೆಸಿದ್ದಿರಿ. ಡಂಗುರದವನು ಅದನ್ನು ಹಳ್ಳಿಹಳ್ಳಿಗೆ ಕ್ಯಾಂಪು ಎಂದು ಸಾರಿದ. ಕ್ಯಾಂಪು ಎಂದರೆ ನಮ್ಮ ಕಡೆಯ ಜನಕ್ಕೆ ಎರಡೇ ಅರ್ಥ. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಹಾಕಿಕೊಳ್ಳುವ ಗುಡಿಸಲು ಒಂದು. ಸಾಹೇಬರು ಫಿರತಿಯ ಮೇಲೆ ಬಂದಾಗ ಊರ ಹೊರಗೆ ಹೂಡುವ ಡೇರೆ ಇನ್ನೊಂದು. ಮೊದಲನೆಯದಕ್ಕೆ ಮನುಷ್ಯರು ಓಡುತ್ತಾರೆ, ಎರಡನೆಯದಕ್ಕೆ ಕೋಳಿಗಳು. ಹೀಗಾಗಿ ಡಂಗುರ ಕೇಳಿದ ಕೂಡಲೇ ಜನ ನಡೆಯಲಾಗದ ಮಗನನ್ನು ಅಟ್ಟದ ಮೇಲೂ ಕೋಳಿಯನ್ನು ಬುಟ್ಟಿಯ ಕೆಳಗೂ ಬಚ್ಚಿಟ್ಟರು. ಮೊದಮೊದಲು ಶಿಬಿರದಲ್ಲಿ ಇದ್ದವರು ನಾನು, ತಮ್ಮ ಡೇರೆಗಳು ಮತ್ತು ತಮ್ಮ ಹಲಗೆ. ನಮ್ಮ ಮೂವರಿಗೂ ಕೈಕಾಲು ನೆಟ್ಟಗಿದ್ದವು.

ಹೆದರದೆ ಮೊದಲು ಬಂದವನು ಬಾಜೂ ಹಳ್ಳಿಯ ಕುರಿ ಕಾಯುವ ಮನೆತನದ ಬೀರಸಿದ್ದಪ್ಪ. ಹುಟ್ಟಿದಾಗಿನಿಂದ ಅವನ ಕಾಲುಗಳಲ್ಲಿ ಬಲವಿಲ್ಲ, ಕೈಯೂರಿ ನೆಲದ ಮೇಲೆ ಸರಿಯುತ್ತಾನೆ. "ಪ್ಲೇಗಿನ ಅಂಜಿಕಿ ಇಲ್ಲೇನ ಮಾಮಾ?" ಎಂದೆ. "ಪ್ಲೇಗ ಬಂದ ಮ್ಯಾಲೆ ನೀವೆಲ್ಲಾ ಓಡ್ತೀರಿ ತಮ್ಮಾ, ನನಗ ತಡಾ ಆಗತೈತಿ. ಅದಕ್ಕ ಮುಂಚೇನ ಬಂದ ಕುಂತೇನಿ" ಎಂದ. ಈ ಮಾತು ದಡ್ಡಿಯ ಓಣಿಗಳಲ್ಲಿ ನಗೆಯಾಗಿ ಹರಡಿತು. ನಗೆಯ ಬೆನ್ನಿಗೆ ಜನ ಬಂದರು. ಅಟ್ಟದ ಮೇಲಿನವರು ಕೆಳಗಿಳಿದರು.

ಆಗಲೇ ಕುಲಗೋಡದಿಂದ, ಅಂದರೆ ಮೂಡಲಗಿಯ ಆಚೆಯಿಂದ, ಕಾಶೆವ್ವ ಬಂದಳು. ಚಿಕ್ಕಂದಿನಲ್ಲಿ ಸಿಡುಬು ಬಂದು ಕಣ್ಣು ಹೋದವು; ಈಗ ವಯಸ್ಸು ನಲವತ್ತರ ಆಚೆ. ತನ್ನ ತಮ್ಮ ಹನಮಂತನ ಮನೆಯಲ್ಲಿ ಆಕೆಗೆ ಯಾವ ಕೊರತೆಯೂ ಇಲ್ಲ, ಒಲೆಯ ಹತ್ತಿರ ಹೋಗುವುದೊಂದನ್ನು ಬಿಟ್ಟು. "ಸುಟ್ಟಗೊಂಡೀ ಅಕ್ಕಾ, ಕುಂಡ್ರು" ಎಂದು ಪ್ರೀತಿಯಿಂದಲೇ ಮೂಲೆಗೆ ಕೂಡಿಸುತ್ತಾರೆ. ದಡ್ಡಿಯಲ್ಲಿ ಹಾಗೆ ಅನ್ನುವವರು ಯಾರೂ ಇರಲಿಲ್ಲ. ಆಕೆ ಮೂರು ಕಲ್ಲು ಹೂಡಿ, ಒಂದೆರಡು ಸಲ ಬೆರಳು ಸುಟ್ಟುಕೊಂಡು, ಮಂದಿಗೆಲ್ಲ ಕಡಲೆಹಿಟ್ಟಿನ ಝುಣಕ ಮಾಡತೊಡಗಿದಳು. ರೊಟ್ಟಿ ಊರವರದು: ಇವತ್ತು ಈ ಓಣಿ, ನಾಳೆ ಆ ಓಣಿ. ಮಜ್ಜಿಗೆ ಜೈನರ ಮನೆಯ ಲಕ್ಷ್ಮೀಬಾಯಿಯವರದು. ಅವರು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅವರ ಮಜ್ಜಿಗೆ ಕುಡಿಯುವವರೂ ಹಾಗೆ ಉಣ್ಣಬಾರದೆಂದು ಅವರ ಹಟ. "ಹೊತ್ತು ಮುಳುಗೂದರಾಗ ಬಡಸಿಬಿಡ ಕಾಶೆವ್ವಾ" ಎಂದು ದಿನಾ ಹೇಳಿಕಳಿಸುತ್ತಿದ್ದರು. "ಆಕಿಗೆ ಹೊತ್ತು ಮುಳುಗಿದ್ರೇನು, ಮೂಡಿದ್ರೇನು?" ಎಂದು ಬೀರಸಿದ್ದಪ್ಪ ಕೆಣಕಿದರೆ, "ನೀ ಎಲ್ಲಿ ಓಡಿ ಹೋಗಾಂವ ಅದಿ, ಸುಮ್ನ ಕುಂಡ್ರು, ಹಾಕತೇನಿ" ಎಂದು ಆಕೆ ಸವುಟು ತೋರಿಸುತ್ತಿದ್ದಳು. ಸಮಿತಿ ಡೇರೆ ಕೊಟ್ಟಿತು, ಹಲಗೆ ಕೊಟ್ಟಿತು. ಅನ್ಯಾಯವಾಗಿ ಮರೆಯಬಾರದು. ಉಳಿದದ್ದನ್ನು ದಡ್ಡಿಯ ಓಣಿಗಳು ಕೊಟ್ಟವು.

ಇಲ್ಲಿ ಒಂದು ಸಂಗತಿಯನ್ನು ತಮ್ಮ ಸನ್ನಿಧಿಗೆ ತರುವುದು ಅವಶ್ಯ. ನಮ್ಮ ನಾಡಿನಲ್ಲಿ ಕುಂಟುವವನೊಬ್ಬ ಹೊಸ ಊರಿಗೆ ಹೋದರೆ ಜನ ನೀರು ಕೊಡುವ ಮುಂಚೆ ಕೇಳುವುದು ಏನು? "ಹುಟ್ಟಾ ಹಿಂಗೋ, ನಡುವ ಆತೋ?" ಶಿಬಿರದವರೆಲ್ಲ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಬೇಸತ್ತವರು. ಯಾರೂ ನೇಮ ಮಾಡಲಿಲ್ಲ, ಯಾರೂ ಹಲಗೆ ಬರೆಸಲಿಲ್ಲ, ಆದರೂ ಅಲ್ಲಿ ಅದನ್ನು ಯಾರೂ ಯಾರಿಗೂ ಕೇಳಲಿಲ್ಲ. ಹೊಸಬರ ಕೋಲಿನ ಸಪ್ಪಳ ಕೇಳಿದರೆ ಕಾಶೆವ್ವ ಕೇಳುತ್ತಿದ್ದದ್ದು ಒಂದೇ ಮಾತು: "ಊಟ ಆತೇನ್ರಿ?"

ಈಗ ಆ ಸಂಜೆಗೆ ಬರುತ್ತೇನೆ. ಬೆಳಗಾವಿಯ ದಾನಿಗಳು ಮೋಟಾರಿನಲ್ಲಿ ಬಂದು ಶಿಬಿರವನ್ನು ನೋಡುವವರಿದ್ದರು. ತಾವು ರೂಢಿಯಂತೆ ಎಲ್ಲರಿಗಿಂತ ಮುಂಚೆ ಬಂದಿರಿ. ಗಾಡಿಯನ್ನು ಉಸುಕಿನಾಚೆ ಬಿಟ್ಟು, ಸೆಕೆಗೆ ಕೋಟು ರುಮಾಲು ತೆಗೆದು ಗಾಡಿಯಲ್ಲೇ ಇಟ್ಟು, ಕೋಲೂರಿಕೊಂಡು ಒಬ್ಬರೇ ನಡೆದು ಬಂದಿರಿ. ತಮ್ಮ ಕಾಲಿನ ಸಂಗತಿಯನ್ನು ನಾನು ಇಲ್ಲಿ ಬಯಲು ಮಾಡುತ್ತಿದ್ದೇನೆಂದು ಸಿಟ್ಟಾಗಬೇಡಿರಿ. ಗೋಕಾಕದಲ್ಲಿ ಅದು ಗೊತ್ತಿಲ್ಲದವರು ತೊಟ್ಟಿಲಲ್ಲಿದ್ದಾರೆ. ತಾವು ಪ್ರತಿ ಸಭೆಗೂ ಮೊದಲು ಬಂದು ಕುಳಿತುಬಿಡುತ್ತೀರಿ, ಕೊನೆಯವನು ಹೋದ ಮೇಲೆ ಏಳುತ್ತೀರಿ. ನಾವು ಅದನ್ನು ತಮ್ಮ ವೇಳೆಯ ಶಿಸ್ತು ಎಂದು ಭಾಷಣಗಳಲ್ಲಿ ಹೊಗಳುತ್ತೇವೆ. ಇಡೀ ಊರು ಕೂಡಿ ಒಬ್ಬ ಮನುಷ್ಯ ನಡೆಯುವುದನ್ನು ನೋಡದ ಹಾಗೆ ನಟಿಸುತ್ತದೆ. ಇದಕ್ಕಿಂತ ದೊಡ್ಡ ಚೇಷ್ಟೆಯನ್ನು ನಾನೂ ಮಾಡಿಲ್ಲ.

ನಾನು ಹೊಳೆಯಿಂದ ನೀರು ಹೊತ್ತು ಬರುವಷ್ಟರಲ್ಲಿ ಕಾಶೆವ್ವ ತಮಗೆ ತನ್ನ ಪ್ರಶ್ನೆ ಕೇಳಿಯಾಗಿತ್ತು. ತಾವು "ಇಲ್ಲವ್ವಾ" ಎಂದಿರಂತೆ. ನಾನು ಕಂಡಾಗ ತಾವು ಪಂಕ್ತಿಯಲ್ಲಿ ಬೀರಸಿದ್ದಪ್ಪನ ಪಕ್ಕಕ್ಕೆ ಕುಳಿತಿದ್ದಿರಿ. ಇವರು ಸಮಿತಿಯ ಅಧ್ಯಕ್ಷರು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮೊದಲು ತಮಾಷೆ ನೋಡೋಣವೆಂದು ಸುಮ್ಮನಾದೆ. ಆಮೇಲೆ ಸುಮ್ಮನಾದದ್ದು ಬೇರೆ ಕಾರಣಕ್ಕೆ.

"ಕಾಲ ಚಾಚಿ ಕುಂಡ್ರಪಾ" ಎಂದ ಬೀರಸಿದ್ದಪ್ಪ. "ಇಲ್ಲಿ ಯಾರ ನೋಡ್ತಾರು? ಅರ್ಧಾ ಮಂದಿಗೆ ಕಣ್ಣಿಲ್ಲ, ಉಳದಾವ್ರಿಗೆ ಹಸಿವಿ ಆಗೇತಿ."

ತಾವು ನಕ್ಕಿರಿ. ಗೋಕಾಕದಲ್ಲಿ ತಾವು ನಕ್ಕದ್ದನ್ನು ನಾನು ಕಂಡಿಲ್ಲ. ಕಾಲು ಚಾಚಿ, ಮೊಣಕಾಲು ತಿಕ್ಕಿಕೊಂಡು, "ಥಂಡಿ ದಿನದಾಗ ಭಾಳ ಹಿಡೀತೈತಿ" ಎಂದಿರಿ.

"ಹರಳೆಣ್ಣಿ ಬಿಸಿ ಮಾಡಿ ತಿಕ್ಕಸ್ಕೋ. ಮನ್ಯಾಗ ತಿಕ್ಕಾವ್ರ ಅದಾರಿಲ್ಲೋ?"

"ಅದಾರಪಾ. ಹೇಳಾಕ ನಾಚಿಕಿ."

ಕಾಶೆವ್ವ ಬಡಿಸುತ್ತ ಬಂದಳು. ಆಕೆ ಹತ್ತಿರ ಬಂದಾಗ ಕುಳಿತವರು ಒಬ್ಬೊಬ್ಬರೇ "ಹೂಂ" ಅನ್ನುತ್ತಾರೆ; ದನಿ ಬಂದ ಕಡೆಗೆ ಸವುಟು ಹೋಗುತ್ತದೆ. ತಮಗೆ ಯಾರೂ ಕಲಿಸಲಿಲ್ಲ, ತಾವಾಗಿಯೇ "ಹೂಂ" ಎಂದಿರಿ. ಆಕೆ ಮುಂದೆ ಹೋದ ಮೇಲೆ ತಿರುಗಿ ಕರೆದು, "ಇನ್ನೊಂದೀಟ ಹಾಕವ್ವಾ" ಎಂದಿರಿ. ಈ ಮಾತಿಗೆ ಸಾಕ್ಷಿದಾರನು ನಾನು, ಬಾಡಿಗೆಯವನಲ್ಲ.

ಅಷ್ಟರಲ್ಲಿ ಮೋಟಾರಿನ ಭೋಂಕಾರ ಕೇಳಿತು.

ಮಾನ್ಯರೇ, ಕಾಶೆವ್ವ ಕರೆದಾಗ ತಮಗೆ ಅಪಮಾನವಾಗಲಿಲ್ಲ. ಕುಳಿತಾಗ ಆಗಲಿಲ್ಲ, ಉಂಡಾಗ ಆಗಲಿಲ್ಲ. ದಾನಿಗಳು ಮೋಟಾರಿನಿಂದಿಳಿದು, ತಾವು ಯಾವ ಸಾಲಿನಲ್ಲಿ ಕುಳಿತಿದ್ದೀರಿ ಎಂದು ಕಂಡಾಗ ಆಯಿತು. ಕೋಲಿಗಾಗಿ ನೆಲ ತಡಕಿದಿರಿ. ಬೀರಸಿದ್ದಪ್ಪನೇ ಅದನ್ನು ತಮ್ಮ ಕೈಗಿಟ್ಟ. ತಾವು ಎದ್ದು ಕಾಶೆವ್ವನಿಗೆ, "ನನ್ನನ್ನ ಯಾರಂತ ತಿಳದಿ? ಕುಂಟ್ರ ಸಾಲಾಗ ಕೂಡ್ರಸ್ತೀ?" ಎಂದು ಗದರಿದಿರಿ.

ಎಲ್ಲರೂ ಉಣ್ಣುವುದನ್ನು ನಿಲ್ಲಿಸಿದರು. ಆಗ, ಊರಿನ ದೊಡ್ಡವರನ್ನೆಲ್ಲ ನಗೆಪಾಟಲು ಮಾಡುವುದಕ್ಕೆ ಹೆಸರಾದ ನಾನು, ಕೋರ್ಟಿಗೂ ಅಪ್ಪನಿಗೂ ಹೆದರದ ನಾನು, ಬಿಂದಿಗೆ ಕೆಳಗಿಟ್ಟು ಎರಡೂ ಕೈ ಜೋಡಿಸಿ ಹೇಳಿದೆ: "ತಪ್ಪಾತ್ರಿ ಸಾಹೇಬ್ರ. ಆಕಿ ಕುರುಡಿ ಅದಾಳ್ರಿ, ಆಕಿಗೇನ ತಿಳೀತೈತ್ರಿ."

ಕುರುಡಿ ಎಂಬ ಮಾತು ಶಿಬಿರಕ್ಕೆ ಹೊಸದಲ್ಲ. ನಗೆಯಲ್ಲಿ ದಿನಾ ಬರುತ್ತಿತ್ತು. ನೆಪವಾಗಿ ಬಂದದ್ದು ಅದೇ ಮೊದಲು, ಅದೂ ನನ್ನ ಬಾಯಿಂದ. ಕಾಶೆವ್ವ ಸವುಟನ್ನು ಪಾತ್ರೆಯೊಳಗೆ ಸಪ್ಪಳವಾಗದ ಹಾಗೆ ಇಟ್ಟು ಹಿಂದೆ ಸರಿದು ನಿಂತಳು. ಉಳಿದವರಿಗೆ ನಾನು ಬಡಿಸಿದೆ. ನಾನು ಹತ್ತಿರ ಬಂದಾಗ ಯಾರೂ "ಹೂಂ" ಎನ್ನಲಿಲ್ಲ.

ತಾವು ನಾಚಿದಿರಿ, ನಾಚಿ ಗದರಿದಿರಿ. ನಾನು ಹೆದರಿದೆ, ಹೆದರಿ ಆಕೆಯನ್ನು ತಮ್ಮ ಕಾಲ ಬಳಿ ಚೆಲ್ಲಿದೆ. ಇಬ್ಬರಲ್ಲಿ ಯಾರದು ಹೆಚ್ಚಿನ ಅಪರಾಧ? ನಮ್ಮಪ್ಪ ಈ ದಾವೆಯ ಅರ್ಜಿ ಬರೆದರೆ ಮೊದಲ ಪ್ರತಿವಾದಿಯ ಜಾಗದಲ್ಲಿ ನನ್ನ ಹೆಸರನ್ನೇ ಬರೆಯುತ್ತಾರೆ. ತಮಗೆ ಕಾಲು ಅಡ್ಡ ಬಂತು ಎನ್ನೋಣ. ನನಗೆ ಏನು ಅಡ್ಡ ಬಂದಿತ್ತು? ಆಕೆ ತಪ್ಪನ್ನಾದರೂ ಏನು ಮಾಡಿದ್ದಳು? ಕುಂಟುವ ಕಾಲಿನ ಸಪ್ಪಳ ಕೇಳಿ ಕುಂಟುವವರೊಬ್ಬರು ಬಂದರೆಂದು ತಿಳಿದಳು. ಹಸಿದವರು ಬಂದರೆಂದು ಬಡಿಸಿದಳು. ಎರಡರಲ್ಲಿ ಸುಳ್ಳು ಯಾವುದು? ಸುಳ್ಳೇ ಇಲ್ಲದ ಕಡೆ ನಾನು ಕ್ಷಮೆ ಬೇಡಿದ್ದು ಯಾತಕ್ಕೆ?

ಶಿಬಿರ ಮುರಿದ ದಿನ ಕಾಶೆವ್ವನನ್ನು ಕುಲಗೋಡಕ್ಕೆ ಬಿಡಲು ಗಾಡಿಯಲ್ಲಿ ನಾನೇ ಹೋದೆ. ಬಹಳ ದೂರ ಹೋದ ಮೇಲೆ ಆಕೆ, "ಕ್ಯಾಂಪ ಯಾಕ ಮುಚ್ಚಿದ್ರೋ ತಮ್ಮಾ?" ಎಂದಳು.

"ಮಳಿ ಬರತೈತಂತ ಯವ್ವಾ" ಎಂದೆ.

"ಬಿಸಲ ಮಾರಿ ಸುಡಾಕತ್ತೈತಿ. ಮಳಿ ಎಲ್ಲಿದೋ?"

ನಾನು ಎತ್ತುಗಳನ್ನು ಸುಮ್ಮನೆ ಬೈದೆ. ಇನ್ನೊಂದು ಹರದಾರಿ ಹೋದ ಮೇಲೆ ಆಕೆ ಸಣ್ಣ ದನಿಯಲ್ಲಿ ಕೇಳಿದಳು: "ಸಾಹೇಬ್ರ ಪಂಕ್ತಿ ಬಿಟ್ಟ ಎದ್ರಲ್ಲಾ, ಝುಣಕಕ್ಕ ಉಪ್ಪ ಕಡಿಮಿ ಆಗಿತ್ತೇನೋ?"

ತಮ್ಮ ಗದರಿಕೆ ಆಕೆಯ ಕಿವಿಗೂ ಬಿದ್ದಿತ್ತು, ಆದರೆ ಕೂತ ಸಾಲಿನ ಸಲುವಾಗಿ ಯಾರಾದರೂ ಊಟ ಬಿಟ್ಟು ಏಳುತ್ತಾರೆಂದು ಆಕೆಗೆ ಹೊಳೆಯದು. ಇಷ್ಟು ಜನರ ಶಿಬಿರ ತನ್ನ ಕೈಯ ಒಂದು ಚಿಟಿಕೆ ಉಪ್ಪಿನಿಂದ ಮುರಿಯಿತೆಂದು ಆಕೆ ನಂಬಿದ್ದಾಳೆ. ಹೋದ ವಾರ ಕುಲಗೋಡಕ್ಕೆ ಹೋಗಿದ್ದೆ. ದಡ್ಡಿಯ ಸುದ್ದಿ ಕೇಳಿ ಹನಮಂತನ ಹೆಂಡತಿ ತಾನಾಗಿ ಒಲೆ ಬಿಟ್ಟುಕೊಟ್ಟಿದ್ದಾಳೆ. "ಮಾಡ ಬರ್ರಿ ಅಕ್ಕಾರ, ನಮಗೂ ರುಚಿ ತೋರಸ್ರಿ" ಎಂದು ಕರೆದರೆ ಕಾಶೆವ್ವ ಏಳುವುದಿಲ್ಲ. "ಬ್ಯಾಡವಾ, ನಂದು ಉಪ್ಪ ತಪ್ಪತೈತಿ" ಎನ್ನುತ್ತಾಳೆ. ಮೊದಲು ಮಂದಿ ತೋರಿಸಿದ್ದ ಮೂಲೆಗೆ ಈಗ ತಾನಾಗಿ ಹೋಗಿ ಕೂತಿದ್ದಾಳೆ. ಉಪ್ಪು ಸರಿಯಿತ್ತೆಂದು ನಾನು ಆಣೆ ಮಾಡಿ ಹೇಳಿದೆ. "ನೀ ಮಳಿ ಬರತೈತಿ ಅಂದಾಂವ ಹೌದಲ್ಲೋ?" ಎಂದಳು. ನನ್ನ ಸಾಕ್ಷಿ ಅಲ್ಲಿಗೆ ವಜಾ ಆಯಿತು.

ಆದ್ದರಿಂದ ನನ್ನ ಬೇಡಿಕೆಯನ್ನು ತಮ್ಮೆದುರು ಇಡುತ್ತೇನೆ. ಬರುವ ಬೇಸಿಗೆಯಲ್ಲಿ ಶಿಬಿರ ನಡೆಯಲೇಬೇಕು. ದಡ್ಡಿಯ ಓಣಿಗಳು ರೊಟ್ಟಿಯ ಪಾಳಿಯನ್ನು ಈಗಲೇ ಹಚ್ಚಿಕೊಂಡಿವೆ, ಲಕ್ಷ್ಮೀಬಾಯಿಯವರು ಮಜ್ಜಿಗೆಯ ಜೊತೆಗೆ ತಮ್ಮ ಹಟವನ್ನೂ ಕಳಿಸುವವರಿದ್ದಾರೆ, ಡೇರೆ ಇಲ್ಲದಿದ್ದರೆ ಗಿಡದ ನೆರಳು ಸಾಕೆಂದು ಬೀರಸಿದ್ದಪ್ಪ ಹೇಳಿಕಳಿಸಿದ್ದಾನೆ. ಹಲಗೆಯನ್ನು ತಾವೇ ಇಟ್ಟುಕೊಳ್ಳಿರಿ. ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆಗೆ ತಮ್ಮ ಉತ್ತರ ಬೇಕು. ಝುಣಕದ ಉಪ್ಪು ಸರಿಯಾಗಿತ್ತೋ, ಇಲ್ಲವೋ? ಉತ್ತರವನ್ನು ಪತ್ರಿಕೆಗೆ ಬರೆಯಬೇಡಿರಿ. ಆಕೆ ಪತ್ರಿಕೆ ಓದಲಾರಳು, ಓದಿ ಹೇಳುವ ನನ್ನನ್ನು ನಂಬಲಾರಳು. ಎರಡನೆಯ ಸಲ ಹಾಕಿಸಿಕೊಂಡು ಉಂಡವರು ತಾವು. ಖುದ್ದಾಗಿ ಕುಲಗೋಡಕ್ಕೆ ಹೋಗಿ ಹೇಳಬೇಕು.

ಗಾಡಿಯನ್ನು ದೂರ ಬಿಟ್ಟು ನಡೆದು ಹೋಗಿರಿ. ಕೋಲಿನ ಸಪ್ಪಳ ಕೇಳಿದೊಡನೆ ಆಕೆಯೊಳಗಿನ ಹಳೆಯ ರೂಢಿ ತಾನಾಗಿ, "ಊಟ ಆತೇನ್ರಿ?" ಎಂದು ಕೇಳುತ್ತದೆ. ಆಗಿದ್ದರೂ "ಇಲ್ಲವ್ವಾ" ಎನ್ನಿರಿ. ಆಕೆ ಒಲೆಯ ಕಡೆಗೆ ಏಳುತ್ತಾಳೋ ಇಲ್ಲವೋ, ನೋಡೋಣ.

ಇಂತಿ,
ಎರಡು ಗಟ್ಟಿ ಕಾಲಿದ್ದೂ ಆ ಸಂಜೆ ನೆಟ್ಟಗೆ ನಿಲ್ಲಲಾರದೆ ಹೋದ,
ಅರ್ಜಿ ಬರೆಯುವ ಅಲ್ಲಪ್ಪನವರ ಮಗ