ಆ ಮಧ್ಯಾಹ್ನ ಮಂಜಿರಲಿಲ್ಲ

ಸದರ್ ಆಸ್ಪತ್ರೆ, ಹೆಂಗಸರ ವಾರ್ಡು
ಮಂಗಳವಾರ, 11 ಫೆಬ್ರವರಿ 2025

ಹಾಸ್ನಾ ಆಪಾ,

ಸಲಾಮ್. ಬಾಹಾಮನಿಯ ಕಾಲು ಮುರಿದವನು ನಿನ್ನ ಗಂಡ. ಇದನ್ನು ಮೊದಲ ಸಾಲಿನಲ್ಲೇ ಹೇಳುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳುತ್ತ ಕೂತರೆ ಹೇಳಬೇಕಾದ ಮಾತು ಹಿಂದೆ ಹಿಂದೆ ಸರಿದು ಕೊನೆಗೆ ಹಾಳೆಯೇ ಮುಗಿದುಹೋಗುತ್ತದೆ. ನಮ್ಮ ಮನೆಯ ಹೆಂಗಸರ ಮಾತಿಗೆ ಯಾವಾಗಲೂ ಆದದ್ದು ಇದೇ ತಾನೆ.

ನಿನ್ನ ಫೋನು ನಿನ್ನ ಅತ್ತೆಯ ಸೆರಗಿನ ಗಂಟಿನಲ್ಲಿದೆ ಎಂದು ಗೊತ್ತು. ನಿನ್ನೆ ಕರೆ ಮಾಡಿದಾಗ ಅವರೇ ಎತ್ತಿದರು. "ಹಾಸ್ನಾಗೆ ತಲೆನೋವು, ಮಲಗಿದಾಳೆ. ನೀನೂ ಒಂಚೂರು ಮಲಕ್ಕೊ ಕಣೇ, ನಾಲಿಗೆ ತಣ್ಣಗಾಗತ್ತೆ" ಅಂದರು. ಅದಕ್ಕೇ ಈ ಕಾಗದ. ಮೊಟ್ಟೆ ಮಾರುವ ಕುಲ್ಸುಮ್ ಖಾಲಾ ಬುಟ್ಟಿಯ ಹೊಟ್ಟಿನ ಕೆಳಗಿಟ್ಟು ತರುತ್ತಾಳೆ. ಅವಳಿಂದ ಎರಡು ಮೊಟ್ಟೆಯನ್ನಾದರೂ ತೆಗೆದುಕೊ, ಇಲ್ಲದಿದ್ದರೆ ನಿನ್ನ ಅತ್ತೆಗೆ ಅನುಮಾನ ಬರುತ್ತದೆ.

ನೀನು ಬಂದವರಿಗೆಲ್ಲ ಹೇಳುತ್ತಿರುವ ಮಾತು ಇಲ್ಲಿಯವರೆಗೂ ಬಂದಿದೆ. ಅವತ್ತು ದಟ್ಟ ಮಂಜಿತ್ತಂತೆ, ಯಾರು ಯಾರಿಗೆ ಹೊಡೆದರೋ ನಿನಗೆ ಕಾಣಲಿಲ್ಲವಂತೆ. ಆಪಾ, ಶನಿವಾರ ಮಧ್ಯಾಹ್ನ ಮೂರು ಗಂಟೆ. ಮಾಘದ ಬಿಸಿಲು ತಗಡಿಗೆ ಬಡಿದು, ನಮ್ಮ ಗೋಲ್‌ಕೀಪರ್ ಹುಡುಗಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅವಳಿಗೆ "ಕೈ ಇಳಿಸೇ, ಚೆಂಡು ಹಿಡಿಯೋಕೆ ಇರೋದು ಅದು, ನೆರಳಿಗಲ್ಲ" ಎಂದು ಕೂಗಿದವಳು ನೀನೇ.

ಆ ತಗಡಿನ ವಿಷಯ. ನಾವು ಪಂದ್ಯ ಇಡುತ್ತೇವೆ ಅಂದಾಗ ಊರಿನ ಸಾಲಿಶ್ ಕೂತು ಹಿರಿಯರು ತೀರ್ಪು ಕೊಟ್ಟರು: ಹೆಣ್ಣುಮಕ್ಕಳು ಆಡಲಿ, ಆದರೆ ರಸ್ತೆಗೆ ಕಾಣಬಾರದು, ಮೈದಾನಕ್ಕೆ ಸುತ್ತ ತಗಡು ಕಟ್ಟಬೇಕು. ನಾನು ಕುಣಿದಾಡಿದೆ. ಬೇಲಿಯೊಳಗಿನ ಸ್ವಾತಂತ್ರ್ಯ ಸ್ವಾತಂತ್ರ್ಯವೇ ಅಲ್ಲ ಎಂದು ಒಂದು ಕರಪತ್ರದಲ್ಲಿದ್ದದ್ದನ್ನು ಓದಿ ಹೇಳಿದೆ. ನೀನು ನಕ್ಕೆ. "ಮೊಮಿ, ತಗಡಾದ್ರೂ ಕಟ್ಲಿ, ಬೆಳ್ಳಿಯಾದ್ರೂ ಕಟ್ಲಿ. ಒಳಗೆ ಚೆಂಡು ಉರುಳಿದ್ರೆ ಸಾಕಲ್ವಾ? ನಿನ್ನ ಕರಪತ್ರದವರು ಗೋಲು ಹೊಡೆದಿದಾರಾ?" ಹುಡುಗಿಯರೆಲ್ಲ ನಿನ್ನ ಕಡೆ ಸೇರಿಕೊಂಡು ನಕ್ಕರು. ನಾನೂ ಸೋತೆ.

ತಗಡು ನಿನ್ನ ಗಂಡನ, ನನ್ನ ದುಲಾಭಾಯಿಯ ಅಂಗಡಿಯಿಂದಲೇ ಬಂತು. ಮದುವೆಗಳಿಗೆ ಶಾಮಿಯಾನ, ಕುರ್ಚಿ, ಬಿರಿಯಾನಿ ಹಂಡೆ ಬಾಡಿಗೆ ಕೊಡುವವನಿಗೆ ಒಂದು ಮೈದಾನ ಮುಚ್ಚುವಷ್ಟು ತಗಡು ಯಾವ ಲೆಕ್ಕ! ತಾನೇ ನಿಂತು ಕಟ್ಟಿಸಿದ. "ಏನು ನಾದಿನಿ, ನೋಡ್ಕೊ, ಅರಮನೆ ಕಟ್ಟಿಕೊಟ್ಟಿದೀನಿ. ನಿನ್ನ ಮದುವೆಗೂ ಇದೇ ತಗಡು ತರ್ತೀನಿ. ಗಂಡು ಓಡಿಹೋಗದ ಹಾಗೆ" ಎಂದು ತಮಾಷೆ ಮಾಡಿದ. ನಾನೂ ಬಿಡದೆ, "ಓಡೋ ಗಂಡಾದ್ರೆ ನಮ್ಮ ತಂಡಕ್ಕೇ ಫಾರ್ವರ್ಡ್ ಆಗಿ ಸೇರಿಸ್ಕೋತೀನಿ" ಅಂದೆ. ಮೂರು ಕಡೆ ಮೊಳೆ ಹೊಡೆಸಿದ. ಪಶ್ಚಿಮದ ಕಡೆ ಮಾತ್ರ ತೆಂಗಿನ ಹಗ್ಗದಲ್ಲಿ ಕಟ್ಟಿಸಿದ. ಮೊಳೆ ಮುಗಿದಿರಬೇಕು ಅಂದುಕೊಂಡೆ. ನೀನೂ ಹಾಗೆಯೇ ಅಂದುಕೊಂಡೆಯಾ? ಕೇಳಬೇಕಾದ ಪ್ರಶ್ನೆ ಇದು, ಕೇಳಿದ್ದೇನೆ.

ಪಂದ್ಯ ನಿಲ್ಲಿಸಲು ಬಂದ ನಿನ್ನ ಗಂಡ ಸರ್ವರ್ ಮತ್ತು ಅವನ ಕಡೆಯವರು ಬಾಗಿಲಿಗೆ ಬರಲೇ ಇಲ್ಲ. ನೇರ ಪಶ್ಚಿಮಕ್ಕೆ ಹೋದರು. ಒಂದೇ ಎಳೆತಕ್ಕೆ ತಗಡುಗಳು ಉರುಳಿಬಿದ್ದವು. ನಮ್ಮ ಮಾನ ಕಾಯಲೆಂದು ಕಟ್ಟಿದ ಬೇಲಿಯೊಳಗೆ ನಾವು ಕೋಳಿಗೂಡಿನ ಕೋಳಿಗಳಂತೆ ಸಿಕ್ಕಿಬಿದ್ದೆವು. ಹೊರಗೆ ಹೋಗಲು ಇದ್ದದ್ದು ಆ ಒಂದು ಕಿರಿದಾದ ಬಾಗಿಲು, ಅದರಲ್ಲಿ ನೋಡಲು ಬಂದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಬಾಂಗು ಕೂಗುವ ಇದ್ರಿಸ್ ಚಾಚಾ, ಮಗಳು ಆಡುವುದನ್ನು ನೋಡಲು ಟೋಪಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ ಮುದುಕ, ಎರಡು ಕೈ ಚಾಚಿ ಅಡ್ಡ ನಿಂತರು. "ಅಲ್ಲಾಹುವಿನ ಹೆಸರು ಹೇಳ್ಕೊಂಡು ಸರ್ವರನಿಗೆ ಓಟು ಕೇಳಬೇಡ್ರೋ!" ಎಂದು ಕೂಗಿದರು. ಅವರ ಗಡ್ಡ ಹಿಡಿದು ಎಳೆದು ನೆಲಕ್ಕೆ ಬೀಳಿಸಿದರು. ಆಮೇಲೆ ಅವರಿಗೆ ಏನೂ ಕಾಣಲಿಲ್ಲ, ಕಣ್ಣಿಗೆ ರಕ್ತ ಇಳಿದಿತ್ತು.

ಇಟ್ಟಿಗೆ ಚೂರುಗಳು ತಗಡಿಗೆ ಬಡಿಯುವ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಒಬ್ಬಳ ಜಡೆ ಹಿಡಿದು ಎಳೆದುಕೊಂಡು ಹೋದರು. ಒಬ್ಬಳ ಹಲ್ಲು ಹೋಯಿತು. ಬಾಹಾಮನಿ ತಪ್ಪಿಸಿಕೊಂಡಿದ್ದಳು, ಆಪಾ. ಅವಳ ಓಟ ನಿನಗೆ ಗೊತ್ತಲ್ಲ, ಗಾಳಿಗೂ ಸಿಗುವವಳಲ್ಲ. ಬಿದ್ದಿದ್ದ ಗೋಲ್‌ಕೀಪರನ್ನು ಎಬ್ಬಿಸಲು ಹಿಂದಕ್ಕೆ ಬಂದಳು, ಅವಳನ್ನೂ ಕೆಡವಿದರು. ಆಗ ನಿನ್ನ ಗಂಡ ಗೋಲಿನ ಅಡ್ಡಬಿದಿರನ್ನು ಕಿತ್ತು, ಎರಡೂ ಕೈಯಲ್ಲಿ ಎತ್ತಿ, ನೆಲದ ಮೇಲಿದ್ದ ಬಾಹಾಮನಿಯ ಮೊಣಕಾಲಿನ ಕೆಳಗೆ ಇಳಿಸಿದ. ಒಂದು ಸಲವಲ್ಲ. "ಹೋಗು ಈಗ ಢಾಕಾಕ್ಕೆ. ತೆವಳ್ಕೊಂಡು ಹೋಗು" ಅಂದ. ಮುಂದಿನ ತಿಂಗಳು ಅವಳಿಗೆ ರಾಷ್ಟ್ರೀಯ ಶಿಬಿರಕ್ಕೆ ಕರೆ ಬಂದಿತ್ತು. ಚೇರ್ಮನ್ ಚುನಾವಣೆಗೆ ನಿಲ್ಲುವ ಮನುಷ್ಯನಿಗೆ ಊರು ಕಾಣುವಂತೆ ಏನಾದರೂ ಮುರಿಯಬೇಕಿತ್ತು, ಸಂತಾಲ ಬುಡಕಟ್ಟಿನ ಹುಡುಗಿಯ ಕಾಲು ಎಲ್ಲಕ್ಕಿಂತ ಅಗ್ಗ.

ನೀನು ಹತ್ತು ಹೆಜ್ಜೆ ದೂರದಲ್ಲಿದ್ದೆ. "ಸರ್ವರ್, ಬಿಡಿ, ಬಿಡೀಂದ್ರೆ!" ಎಂದು ಕಿರುಚಿದೆ. ಮಂಜಿನಲ್ಲಿ ಗಂಡನ ಹೆಸರು ಹಿಡಿದು ಕೂಗಲು ಆಗುವುದಿಲ್ಲ, ಆಪಾ.

ಅವನ ಹುಬ್ಬು ಸೀಳಿದ್ದು ತಗಡು ಬಿದ್ದಲ್ಲ. ಅವನು ಹಾಗೆ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಮೂಲೆಯ ಬಾವುಟದ ಕೋಲಿನಿಂದ ಸೀಳಿದವಳು ನಾನು. ಇನ್ನೊಂದು ಏಟಿಗೆ ಎತ್ತಿದ್ದೆ, ಅಷ್ಟರಲ್ಲಿ ನನ್ನನ್ನು ಯಾರೋ ಎಳೆದರು. ಕರಪತ್ರಗಳಲ್ಲಿ ಹಿಂಸೆಯ ಬಗ್ಗೆ ಏನೇನೋ ಬರೆದಿರುತ್ತಾರೆ, ಪರ ವಿರೋಧ ಎರಡೂ. ನನಗಾದದ್ದು ಇಷ್ಟೇ: ಆ ಏಟಿನಲ್ಲಿ ಸುಖವಾಯಿತು, ಸುಖವಾಯಿತಲ್ಲ ಎಂದು ಹೆದರಿಕೆಯೂ ಆಯಿತು. ಅವನು ರಕ್ತ ಒರೆಸಿಕೊಳ್ಳುತ್ತ ನಿನ್ನ ಮಣಿಕಟ್ಟು ಹಿಡಿದ, ಬೈಕಿನ ಹಿಂದೆ ಕೂರಿಸಿಕೊಂಡು ಹೋದ. ನೀನು ಹೋದೆ. ಒಮ್ಮೆ ತಿರುಗಿ ನೋಡಿದೆ. ಹಾಗಾದರೆ ತಿರುಗಿ ನೋಡಿದಾಗಲೂ ಕಂಡಿರಬೇಕು.

ನನಗೆ ಏನೂ ಆಗಿಲ್ಲ, ತರಚು ಗಾಯ ಅಷ್ಟೇ. ಅಮ್ಮಾ ಇಲ್ಲೇ ಇದ್ದಾಳೆ.

ಈ ಆಟದ ಚರಿತ್ರೆಯನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದು ನಿನ್ನ ಮೈಮೇಲೆಯೇ ನಡೆದದ್ದು. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಫುಟ್‌ಬಾಲ್ ಕಪ್ಪು ಮೊದಲು ನಡೆದಾಗ, ಕಾಕ್ಸ್‌ಬಜಾರಿನ ಸಮುದ್ರದ ಊರಿನಲ್ಲಿ, ನೀನು ತಂಡದ ಮೀಸಲು ಗೋಲ್‌ಕೀಪರ್. ಅಮ್ಮಾ ನೆರೆಯವರಿಗೆ ನೀನು ಸೋದರತ್ತೆಯ ಮನೆಗೆ ಹೋಗಿದ್ದೀಯೆಂದು ಸುಳ್ಳು ಹೇಳಿದಳು. ಒಂದು ನಿಮಿಷವೂ ಆಡಿಸಲಿಲ್ಲ ಎಂದು ನೀನು ಬಂದು ಅತ್ತೆ, ನಾನು ನೀನು ತಂದ ಚಿಪ್ಪಿಗಳಲ್ಲಿ ಆಡುತ್ತಿದ್ದೆ. ಅಬ್ಬಾ ನಿನ್ನ ಅಂಗಿಯನ್ನು ಕೊಟ್ಟಿಗೆ ಒರೆಸಲು ಹಾಕಿ, ಅದನ್ನು ಬಿಡಿಸಿಕೊಳ್ಳಲು ಹೋದ ನಿನ್ನನ್ನು ನೀರೆತ್ತುವ ಮೋಟರಿನ ಬೆಲ್ಟಿನಿಂದ ಹೊಡೆದ. ಮುಂದಿನ ಕಪ್ಪು ಕೊಲಂಬೋದಲ್ಲಿ, ಆ ತಿಂಗಳೇ ನಿನ್ನ ಮದುವೆ. ಇಸ್ಲಾಮಾಬಾದಿನಲ್ಲಿ ಆಡುವಾಗ ನಿನ್ನ ಹೊಟ್ಟೆಯಲ್ಲಿ ಮೊದಲ ಮಗು. ಸಿಲಿಗುರಿಯಲ್ಲಿ ನಮ್ಮವರು ಮೊದಲ ಸಲ ಫೈನಲ್ ಮುಟ್ಟಿ ಸೋತ ದಿನ ನೀನು ಸೊಸೆಯಾಗಿ ಆಲೂಗಡ್ಡೆ ಅಗೆಯುತ್ತಿದ್ದೆ, ಸುದ್ದಿ ಕೇಳಿ ಗುದ್ದಲಿಯನ್ನು ನೆಲಕ್ಕೆ ಬಡಿದೆ ಎಂದು ನೀನೇ ಹೇಳಿದ್ದೆ. ಬಿರಾಟ್‌ನಗರದಲ್ಲಿ ಮತ್ತೆ ಸೋಲು. ಐದು ಸಲವೂ ಭಾರತವೇ ಕಪ್ಪು ಒಯ್ದಿತು.

ಆರನೆಯದು ಕಾಠ್ಮಂಡು. ದುಲಾಭಾಯಿಯ ಅಂಗಡಿಯ ಹಿಂದೆ, ಹಂಡೆಗಳ ನಡುವೆ ಕೂತು ನೋಡಿದೆವು. ಒದ್ದೆ ಮೈದಾನ, ಎದುರು ತಂಡದವರದೇ ಊರು, ಅವರದೇ ಜನ. ನಮ್ಮವರ ಮೂರನೆಯ ಗೋಲಿಗೆ ನೀನು ಸೌಟು ಹಿಡಿದು ದೊಡ್ಡ ಹಂಡೆಯನ್ನು ಬಾರಿಸಿದೆ, ನಿನ್ನ ಗಂಡನೂ ಕುಣಿದ! ಢಾಕಾದಲ್ಲಿ ಆ ಹುಡುಗಿಯರನ್ನು ಛಾವಣಿ ಇಲ್ಲದ ಬಸ್ಸಿನ ಮೇಲೆ ಮೆರೆಸಿದರು. ನಮ್ಮಂಥ ಊರಿನವರು, ನಮ್ಮಂಥ ಬಿರುಕು ಬಿಟ್ಟ ಪಾದದವರು. ಎರಡು ವರ್ಷಕ್ಕೆ ಮತ್ತೆ ಅಲ್ಲೇ ಗೆದ್ದರು. ಕಪ್ಪು ಹಿಡಿದು ಬಂದಾಗ ನಾವು ದೇಶದ ಹೆಣ್ಣುಮಕ್ಕಳು, ಅಭ್ಯಾಸಕ್ಕೆ ಹೊರಟಾಗ ಬಜಾರಿಯರು. ಇದು ಯಾವ ಕರಪತ್ರದಲ್ಲೂ ಇಲ್ಲ, ನಾನೇ ಬರೆದದ್ದು, ಮುಂದಿನ ಕರಪತ್ರಕ್ಕೆ.

ಈಗ ಕೆಲಸದ ಮಾತು. ಶುಕ್ರವಾರ ಜುಮ್ಮಾ ನಮಾಜಿನ ನಂತರ ಶಾಲೆಯ ಅಂಗಳದಲ್ಲಿ ಮತ್ತೆ ಸಾಲಿಶ್. ಪದ್ಧತಿ ಗೊತ್ತಲ್ಲ: ಹೊಡೆದವನೂ ಏಟು ತಿಂದವಳ ಅಪ್ಪನೂ ಎಲ್ಲರೆದುರು ಮೂರು ಸಲ ಅಪ್ಪಿಕೊಳ್ಳಬೇಕು, ಜಿಲೇಬಿ ಹಂಚಬೇಕು. ಏಟು ತಿಂದವಳು ಅಲ್ಲಿ ಇರಬೇಕೆಂದೇನೂ ಇಲ್ಲ. ಒಮ್ಮೆ ಅಪ್ಪಿಕೊಂಡ ಮೇಲೆ ಪೊಲೀಸರ ಬಳಿ ಹೋದವರನ್ನು ಊರು ತನ್ನವರೆಂದು ಎಣಿಸುವುದಿಲ್ಲ. ಕಾಲಿಗೆ ಬದಲು ಒಂದು ಹೋರಿಗರು ಕೊಡುತ್ತಾರಂತೆ. ಬಾಹಾಮನಿಯ ಅಪ್ಪ ಸುಕೋಲ್ ಕಾಕಾ ನಿನ್ನೆ ಬಂದು ಮಂಚದ ಕಾಲು ಹಿಡಿದುಕೊಂಡು ಕೂತರು. "ಮಗೂ, ನಾನು ಅವನ ಗದ್ದೆ ಉಳೋನು. ಅಪ್ಕೊ ಅಂದ್ರೆ ಅಪ್ಕೋತೀನಿ. ಇಲ್ಲಾಂದ್ರೆ ಉಳಿದ ಮಕ್ಕಳ ಹೊಟ್ಟೆಗೇನು?" ಅಂದರು. ನಾನು ದೊಡ್ಡ ಮಾತು ಶುರುಮಾಡಿದೆ. ಬಾಹಾಮನಿಯೇ ನನ್ನನ್ನು ತಡೆದಳು. "ಮೊಮಿ ದೀ, ಅಪ್ಪನ್ನ ಬೈಬೇಡ. ಮೊದಲೇ ಕೇಸು ಆಗಿಹೋಗಿದ್ರೆ ಅಪ್ಪನ್ನ ಯಾರೂ ಅಪ್ಕೊ ಅನ್ನಲ್ಲ" ಅಂದಳು. ಅವಳು ಹೇಳಿದ್ದೇ ಸರಿ.

ಆದ್ದರಿಂದ ಗುರುವಾರವೇ ದೂರು ಕೊಡಬೇಕು. ಪೊಲೀಸ್ ಥಾನೆಯ ದಾರೋಗಾ ಬಂದು ವಿಚಾರಿಸಿಕೊಂಡು ಹೋದ. "ನೀವೆಲ್ಲ ಏಟು ತಿಂದವರೇ ಅಲ್ವೇನಮ್ಮಾ. ನಿಮ್ಮ ಮಾತಿಗೆ ಅವರ ವಕೀಲ ನಕ್ಕುಬಿಡ್ತಾನೆ. ಆಟಕ್ಕೆ ಸೇರದವರು, ಕಣ್ಣಾರೆ ಕಂಡವರು ಒಬ್ಬರನ್ನ ಕರ್ಕೊಂಡು ಬನ್ನಿ, ನಾನು ಬರ್ಕೊಳ್ತೀನಿ" ಅಂದ. ನೋಡಲು ಬಂದವರೆಲ್ಲ ಬಾಗಿಲಿನ ಕಡೆ ಓಡಿದ್ದರು. ಆ ಬಿದಿರು ಇಳಿದದ್ದನ್ನು ಹತ್ತಿರದಿಂದ ಕಂಡು ಏಟು ತಿನ್ನದೆ ಉಳಿದವಳು ನೀನೊಬ್ಬಳೇ.

ಇದರ ಬೆಲೆ ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ನಿನಗೆ ಎರಡು ಮಕ್ಕಳಿದ್ದಾರೆ. ಸಹಿ ಮಾಡಿದ ಮೇಲೆ ಆ ಮನೆಯ ಹೊಸ್ತಿಲು ನಿನಗಿಲ್ಲ. ಮಕ್ಕಳನ್ನು ಬಿಟ್ಟುಕೊಡುತ್ತಾರೋ ಇಲ್ಲವೋ, ಗೊತ್ತಿಲ್ಲ. ನನ್ನಲ್ಲಿರುವ ಎಲ್ಲ ಕರಪತ್ರಗಳನ್ನು ತಡಕಿದೆ, ಇದಕ್ಕೆ ಉತ್ತರ ಎಲ್ಲೂ ಇಲ್ಲ. ಅಮ್ಮಾ ಮಾತ್ರ ಒಂದು ಮಾತು ಹೇಳಿದಳು: "ಅವಳಿಗೆ ಹೇಳು, ಅವತ್ತು ಬೆಲ್ಟು ಬೀಳ್ತಿದ್ದಾಗ ನಾನು ಅಡುಗೆಮನೇಲಿ ಈರುಳ್ಳಿ ಹೆಚ್ಚುತಾ ಇದ್ದೆ. ಇವತ್ತು ಬಾಗಿಲಲ್ಲಿ ನಿಂತಿರ್ತೀನಿ. ಮಕ್ಕಳನ್ನ ಕರ್ಕೊಂಡೇ ಬಾ ಅನ್ನು."

ನೀನು ಬರದಿದ್ದರೆ ನಾನು ನಿನ್ನನ್ನು ದ್ವೇಷಿಸುತ್ತೇನೆ ಎಂದು ಹೇಳಬೇಕೆಂದಿದ್ದೆ. ಹೇಳಲಾರೆ. ನನಗೆ ಚೆಂಡು ಒದೆಯಲು ಕಲಿಸಿದವಳು ನೀನು. ಆದರೆ ಶುಕ್ರವಾರದ ಜಿಲೇಬಿ ನಿನ್ನ ಮನೆಗೂ ಬರುತ್ತದೆ, ನಿನ್ನ ಮಗಳು ಕೈ ಚಾಚುತ್ತಾಳೆ. ಆಗ ಅವಳಿಗೆ ಇದು ಯಾವುದರ ಜಿಲೇಬಿ ಎಂದು ಹೇಳುತ್ತೀಯೆ?

ನಿನ್ನ ತಂಗಿ,
ಮೊಮೇನಾ

ಮತ್ತೆ:

ಅಕ್ಷರ ನನ್ನದಲ್ಲವೆಂದು ನೀನು ನೋಡಿದ ಕೂಡಲೇ ಕಂಡುಹಿಡಿದಿರುತ್ತೀಯ. ಸಹಿ ಮಾತ್ರ ನನ್ನದು, ಎಡಗೈಯದು. ನೀನು ಹೋದ ಮೇಲೆ, ಚರಂಡಿಯ ಬದಿಯಲ್ಲಿ ಅವಿತಿದ್ದ ಚಿಕ್ಕ ಹುಡುಗಿಯರ ಮೇಲೆ ತಗಡು ಎಳೆದು ಅದರ ಮೇಲೆ ತುಳಿಯತೊಡಗಿದರು. ನಾನು ಅಂಚು ಹಿಡಿದು ಎತ್ತಿದೆ, ಅವರು ಆ ಕಡೆಯಿಂದ ಎಳೆದರು. ಬಲಗೈಯ ಮೂರು ಬೆರಳಿನ ನರ ಕಡಿದಿದೆ. ಎರಡು ಇನ್ನು ಮಡಚುವುದಿಲ್ಲವಂತೆ. ಹುಡುಗಿಯರು ಹೊರಗೆ ಬಂದರು. ಇದನ್ನು ಮುಚ್ಚಿಟ್ಟಿದ್ದೆ, ಕನಿಕರಕ್ಕೆ ನೀನು ಬರುವುದು ಬೇಡವೆಂದು. ಪಕ್ಕದ ಮಂಚದಲ್ಲಿ ಪ್ಲಾಸ್ಟರ್ ಪಟ್ಟಿ ಹಾಕಿದ ಕಾಲು ಚಾಚಿಕೊಂಡು ನನ್ನ ಮಾತುಗಳನ್ನೆಲ್ಲ ಬರೆದುಕೊಂಡವಳು ಬಾಹಾಮನಿ. ತನ್ನ ಓಟವನ್ನು ಹೊಗಳಿದ ಕಡೆ ಬರೆಯಲು ನಾಚಿಕೆಯಾಗುತ್ತದೆಂದು ಜಗಳವಾಡಿದಳು. ಬಿದಿರಿನ ಸಾಲು ಬಂದಾಗ ಒತ್ತಿ ಬರೆದು ಹಾಳೆ ಹರಿದಳು. ಕೊನೆಗೆ, "ದೀ, ನಿನ್ನ ಕೈ ವಿಷಯ ಮುಚ್ಚಿಟ್ರೆ ಅದೂ ಮಂಜೇ ಅಲ್ವಾ?" ಅಂದಳು. ಅದಕ್ಕೇ ಬರೆಸುತ್ತಿದ್ದೇನೆ.

ಅವಳನ್ನು ಸೈಕಲ್ ವ್ಯಾನಿನಲ್ಲಿ ಮಲಗಿಸಿಕೊಂಡು ಇದ್ರಿಸ್ ಚಾಚಾ ತುಳಿದುಕೊಂಡು ಬರುತ್ತಾರೆ. ನಾನೂ ಅಮ್ಮಾನೂ ಜೊತೆಗಿರುತ್ತೇವೆ. ದಾರೋಗಾ ಮಧ್ಯಾಹ್ನ ಊರಲ್ಲಿರುವುದಿಲ್ಲ, ತಡ ಮಾಡಬೇಡ. ಥಾನೆಯ ಗೇಟಿನ ಮುಂದೆ, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.