ಗುಂಡಿ ಡಬ್ಬಿಯ ಹೆಂಗಸು

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ,
ಗುರುವಾರ, ಜೂನ್ ೧೩

ಪ್ರೀತಿಯ ಮಗಳೇ,

ಹೇಗಿದ್ದೀ? ಹೋದ ಸಲ ಬಂದಾಗ ಇದ್ದ ಒಣಕೆಮ್ಮು ಹೋಯಿತೇ? ಅಳಿಯಂದಿರ ಮಂಡಿನೋವು ಹೇಗಿದೆ? ತಾಯಿಯಾಗಿ ಕೇಳುತ್ತಿದ್ದೇನೆ. ನೀನು ಬರೆದ ಉತ್ತರ ನನ್ನಲ್ಲೇ ಇರುತ್ತದೆ, ಅಂಗಡಿಗೆ ಬಂದವರ ಮುಂದೆ ಓದುವುದಿಲ್ಲ. ಹಾಗೆ ಮಾಡುವವರು ನಮ್ಮ ಮನೆಗೆ ಒಬ್ಬರು ಸಾಕು. ನಾನು ಹೇಗಿದ್ದೇನೆ ಎನ್ನುವುದನ್ನು ಈ ಸಲ ಬರೆಯುತ್ತಿಲ್ಲ.

ಎದುರುಮನೆಗೆ ಹೊಸದಾಗಿ ಬಂದಿರುವ ನರ್ಸಮ್ಮ ನೀನು ಪಾಠ ಮಾಡುವ ಕಾಲೇಜಿನ ಎರಡು ವಾರದ ತರಬೇತಿಗೆ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಭಾನುವಾರ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಅಂಗಡಿಗೆ ಬಂದಿದ್ದಳು. ಕಿತ್ತುಹೋದ ಗುಂಡಿಗೆ ಜೋಡಿ ಹುಡುಕಲು ನಾನು ಗುಂಡಿ ಡಬ್ಬಿ ತೆರೆದೆ. ಒಳಗಿದ್ದ ಮಾತ್ರೆ ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು. ಮೊದಲು ಏನೂ ಇಲ್ಲವೆಂದಳು. ನಾನು ಟೇಪು ಹಿಡಿದು ಸುಮ್ಮನೆ ನಿಂತರೆ ಯಾರೂ ಹೆಚ್ಚು ಹೊತ್ತು ಮುಚ್ಚಿಡಲಾರರು, ನಿನಗೇ ಗೊತ್ತು. "ಅಕ್ಕಾ, ಮೇಡಮ್ಮು ಪಾಠದಲ್ಲಿ ಹಟಮಾರಿ ರೋಗಿ ಅಂತ ಒಬ್ಬರ ಕತೆ ಹೇಳಿದ್ರು. ಕೈ ನಡುಗೋ ದರ್ಜಿ ಹೆಂಗಸು, ಮಾತ್ರೆ ನುಂಗದೆ ಗುಂಡಿ ಡಬ್ಬೀಲಿ ಬಚ್ಚಿಡ್ತಾಳೆ ಅಂತ. ನಾವೆಲ್ಲ ನಕ್ಕುಬಿಟ್ವಿ," ಎಂದಳು. ಆ ಮೇಡಮ್ಮು ನನ್ನ ಮಗಳು ಎಂದು ನಾನು ಹೇಳಲಿಲ್ಲ. ಆ ಹೊತ್ತಿಗೆ ಒಂದು ಅವಮಾನವೇ ಸಾಕಾಗಿತ್ತು.

ಆ ತರಗತಿಯಲ್ಲಿ ನಮ್ಮ ಊರಿನವರು ಇನ್ನೂ ಇಬ್ಬರಿದ್ದಾರಂತೆ. ಸೋಮವಾರ ಶಾಲೆಯ ಹೆಡ್‌ಮಿಸ್ಸು ಬಂದು, ಹೊಲಿಯಲು ಕೊಟ್ಟಿದ್ದ ಕೋಟಿನ ಬಟ್ಟೆಯನ್ನು ಅವಸರವೇನಿಲ್ಲ ಎಂದು ವಾಪಸು ಒಯ್ದರು. ಮಾತಾಡುವಷ್ಟೂ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಿಂದ ಅವರ ಒಂದು ಭುಜ ಕೆಳಗಿರುವುದು ಹೊರಗೆ ಕಾಣದಂತೆ ಹೊಲಿದುಕೊಟ್ಟ ಕೈ ಇದು.

ಅಂದೇ ನಿನಗೆ ಫೋನು ಮಾಡಿದೆ. "ಅಮ್ಮಾ, ನಿನ್ನ ಹೆಸರೆಲ್ಲೂ ಹೇಳಿಲ್ವಲ್ಲ. ನಾಲ್ಕು ಜನಕ್ಕೆ ಉಪಯೋಗ ಆಗತ್ತೆ ಬಿಡು," ಎಂದೆ ನೀನು. ನನ್ನ ಅಳತೆ ಪುಸ್ತಕ ನೋಡಿಯೇ ನೀನು ಬೆಳೆದೆ. ಅದರಲ್ಲೂ ಹೆಸರಿಲ್ಲ, ಬರೀ ಗುರುತುಗಳು. ಈ ಬೀದಿಯ ಯಾವ ಹೆಂಗಸಿನ ಸೊಂಟ ಎಷ್ಟು, ಯಾರು ಒಳಗೆ ಹತ್ತಿ ತುಂಬಿಸಿಕೊಳ್ಳುತ್ತಾರೆ ಎಲ್ಲವೂ ಅದರಲ್ಲಿದೆ. ಒಬ್ಬಳ ಗಂಡನೇ ಬಂದು ಕೇಳಿದಾಗ ಹೊರಗೆ ಕಳಿಸಿದ್ದೇನೆ. ನೀನಾದರೋ ಪರೀಕ್ಷೆಯ ಕೋಣೆಗೆ ಮಗಳೆಂದು ನನ್ನ ಕೈ ಹಿಡಿದುಕೊಂಡು ಬಂದೆ, ವೈದ್ಯರ ಭುಜದ ಮೇಲಿಂದ ಬಗ್ಗಿ ನನ್ನ ಫೈಲು ಓದಿದೆ, ಅಂಗಡಿಯಲ್ಲಿ ಗುಂಡಿ ಡಬ್ಬಿ ಇಣುಕಿ ನೋಡಿದೆ, ಓದಿದ್ದನ್ನೂ ಕಂಡದ್ದನ್ನೂ ಹೊತ್ತುಕೊಂಡು ಪಾಠಕ್ಕೆ ಹೋದೆ. ಕೇಳಿದ್ದರೆ ಕೊಡುತ್ತಿದ್ದೆ. ನಾನೇ ತರಗತಿಗೆ ಬಂದು ಕುರ್ಚಿಯ ಮೇಲೆ ಕುಳಿತು ಕೈ ಚಾಚಿ ತೋರಿಸುತ್ತಿದ್ದೆ. ಇಷ್ಟಕ್ಕೂ ನೀನು ಹೇಳಿಕೊಟ್ಟದ್ದು ತಪ್ಪು ಪಾಠ. ನಾನು ಬಚ್ಚಿಡುವುದು ಮಧ್ಯಾಹ್ನದ ಮಾತ್ರೆ ಒಂದನ್ನೇ. ಅದನ್ನು ನುಂಗಿದರೆ ತಲೆ ತಿರುಗುತ್ತದೆ, ಮಧ್ಯಾಹ್ನವೇ ನಾನು ಕತ್ತರಿ ಹಿಡಿಯುವ ಹೊತ್ತು. ಅಂಗಡಿಯ ಬಾಗಿಲು ಹಾಕಿದ ಮೇಲೆ ಅದನ್ನೂ ನುಂಗುತ್ತೇನೆ. ಹಟಮಾರಿ ಎಂದು ಬರೆದುಕೊಳ್ಳುವ ಮೊದಲು ಯಾಕಮ್ಮಾ ಎಂದು ಒಂದು ಮಾತು ಕೇಳಲು ನಿನಗೆ ನಾಲಿಗೆ ಇರಲಿಲ್ಲವೇ?

ಇರಲಿ. ನಾಳೆ, ತರಬೇತಿಯ ಕೊನೆಯ ದಿನ, ಪ್ರತಿಯೊಬ್ಬರೂ ಒಬ್ಬ ರೋಗಿಯ ಕತೆ ಓದಬೇಕಂತೆ. ನರ್ಸಮ್ಮನಿಗೆ ಒಂದೂ ಹೊಳೆಯದೆ ಒದ್ದಾಡುತ್ತಿದ್ದಳು, ನಾನು ಬರೆದುಕೊಟ್ಟೆ. ಒಬ್ಬಳು ಹುಡುಗಿ. ಹನ್ನೊಂದು ವರ್ಷದವರೆಗೂ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಸೂಜಿ ಕಂಡರೆ ಮೂರ್ಛೆ ಹೋಗುತ್ತಿದ್ದಳು, ವೈದ್ಯಕೀಯ ಓದು ಮುಗಿಸಿದ ಮೇಲೂ ತನಗೆ ಚುಚ್ಚುವಾಗ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ತಾಯಿಯ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ತಗುಲಿ ಎಡಗೈಯ ಹಿಂಬದಿಯಲ್ಲಿ ಮೂರು ಮೂಲೆಯ ಕಲೆಯಾಗಿದೆ. ಹೆಸರು ಎಲ್ಲೂ ಹಾಕಿಲ್ಲ. ಯಾರ ಕತೆ ಎಂದು ನರ್ಸಮ್ಮನಿಗೂ ಗೊತ್ತಿಲ್ಲ, ಪಾಪ ಅವಳು ಹಿಂದಿನ ಬೆಂಚಿನವಳು. ಮುಂದಿನ ಬೆಂಚಿನವರು ನೀನು ಪುಸ್ತಕ ಹಿಡಿಯುವ ಕೈಯನ್ನು ಎರಡು ವಾರದಿಂದ ನೋಡುತ್ತಿದ್ದಾರೆ. ಈ ಪತ್ರ ನಿನಗೆ ಸಿಗುವ ಹೊತ್ತಿಗೆ ಓದಿ ಮುಗಿದಿರುತ್ತದೆ. ನಗು ಹೇಗಿತ್ತು ಎಂದು ನೀನೇ ನನಗೆ ಬರೆಯಬೇಕು. ನಾಲ್ಕು ಜನಕ್ಕೆ ಉಪಯೋಗವಾಗಿದ್ದರೆ ನನಗೂ ಸಂತೋಷ.

ಮೊಮ್ಮಗಳಿಗೆ ಮುತ್ತು, ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಮನೆ ಮಂದಿಯೆಲ್ಲ ತಣ್ಣಗಿರಿ. ನನ್ನ ಸಿಟ್ಟು ನಿನ್ನ ಮೇಲೆ ಮಾತ್ರ.

ನಿನ್ನನ್ನು ಹೆತ್ತ
ಅಮ್ಮ

ಮರೆತಿದ್ದೆ: ನಿನ್ನೆ ಆಸ್ಪತ್ರೆಗೆ ಹೋಗಿ, ನನ್ನ ಫೈಲನ್ನು ಮನೆಯವರಿಗೆ ಯಾರಿಗೂ ತೋರಿಸಕೂಡದು ಎಂದು ಬರೆದು ರುಜು ಹಾಕಿ ಬಂದೆ. ಮೊದಲ ಹೆಸರು ನಿನ್ನದೇ. ತಲೆಯ ಸ್ಕ್ಯಾನಿನ ಹೊಸ ವರದಿ ಬಂದಿದೆ. ವೈದ್ಯರು ಕೂರಿಸಿಕೊಂಡು ಒಂದೊಂದೇ ಸಾಲು ಬಿಡಿಸಿ ಹೇಳಿದರು. ಅಲ್ಲಿಗೆ ಫೋನು ಮಾಡಿ ಪ್ರಯೋಜನವಿಲ್ಲ. ವರದಿ ಗುಂಡಿ ಡಬ್ಬಿಯಲ್ಲಿದೆ. ಬೇಕಾದರೆ ಬಂದು ನನ್ನನ್ನು ಕೇಳು. ಕೊಡುವುದೋ ಬೇಡವೋ ಆಮೇಲೆ ನೋಡುತ್ತೇನೆ.